ಮನೇಲೇ ಕಟ್ಟೋ ವಿಮಾನದ ಅಲ್ಯೂಮಿನಿಯಂ ಇಂಧನ ಟ್ಯಾಂಕಿಗೆ ರಿವೆಟ್ ಎಲ್ಲಾ ಹೊಡೆದ ಮೇಲೆ ಒಳಗಿಂದ ಸೀಲೆಂಟ್ (ಸೋರದ ಹಾಗೆ ತಡೆಯೋ ಅಂಟು) ಹಚ್ಚಿದ್ರೆ ಸಾಕಾ? ಕೊನೆಗೆ ಸ್ಲಾಷಿಂಗ್ ದ್ರಾವಣ (ಒಳಗೆಲ್ಲಾ ಪದರ ಕಟ್ಟೋ ದ್ರವ) ಸುರಿದು ಅಲ್ಲಾಡಿಸಿಬಿಡ್ತೀನಿ.

ಸಾಕಾಗಲ್ಲ. ನಾನು ಎರಡೂ ರೆಕ್ಕೆಯ ಟ್ಯಾಂಕ್ ಕಟ್ಟಿ ಮುಗಿಸಿದೀನಿ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳ್ತಿರೋದು. ಕೊನೆಗೆ ಸ್ಲಾಷಿಂಗ್ ದ್ರಾವಣ ಸುರಿದು ಟ್ಯಾಂಕ್ ಅಲ್ಲಾಡಿಸಿಬಿಡ್ತೀನಿ ಅಂತನೂ ಬರೆದಿದೀರಲ್ಲ, ಅದು ಮಾತ್ರ ದಯವಿಟ್ಟು ಬೇಡ. ಹಳೇ ಟ್ಯಾಂಕ್‌ಗಳಲ್ಲಿ ಅದು ವರ್ಷಗಳಾದ ಮೇಲೆ ಪದರ ಪದರವಾಗಿ ಎದ್ದು, ಇಂಧನ ಹೀರೋ ಪಿಕಪ್ ಪೈಪಿನ ಜಾಲರಿಗೆ, ಫಿಲ್ಟರಿಗೆ ಅಡ್ಡ ಬಂದಿದೆ. ಸೋರೋ ಟ್ಯಾಂಕ್ ನೆಲದ ಮೇಲಿದ್ದಾಗಲೇ ಕಣ್ಣಿಗೆ ಬೀಳುತ್ತೆ, ಜಾಲರಿ ಕಟ್ಟಿಕೊಂಡಿದ್ದು ಮೇಲಕ್ಕೆ ಹೋದಾಗ ಗೊತ್ತಾಗುತ್ತೆ.

ರಿಬ್ ಅಂದ್ರೆ ಟ್ಯಾಂಕ್ ಒಳಗಿನ ಅಡ್ಡ ಚೌಕಟ್ಟು, ಸ್ಕಿನ್ ಅಂದ್ರೆ ಹೊರಗಿನ ತಗಡು; ಸೀಲೆಂಟ್ ಇರಬೇಕಾದ ಜಾಗ ರಿಬ್‌ಗೂ ಸ್ಕಿನ್‌ಗೂ ನಡುವೆ. ಎರಡೂ ಕಡೆ ಸ್ಕಾಚ್‌ಬ್ರೈಟಲ್ಲಿ ಹೊಳಪು ಹೋಗೋವರೆಗೂ ಉಜ್ಜಿ, ಜಿಡ್ಡು ಕರಗಿಸೋ ಎಂಇಕೆ ದ್ರಾವಕ ಅಥವಾ ಅಸಿಟೋನ್ ಹಾಕಿದ ಬಟ್ಟೇಲಿ ಒರೆಸಿ, ಅದು ಆರೋಕೆ ಮುಂಚೆನೇ ಇನ್ನೊಂದು ಒಣ ಬಟ್ಟೇಲಿ ಒರೆಸಿ ತೆಗೀರಿ, ತಾನಾಗೇ ಆರಲಿ ಅಂತ ಬಿಟ್ರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತೆ. ಬಟ್ಟೆಗೆ ಕೊಳೆ ಹತ್ತೋದು ನಿಲ್ಲೋವರೆಗೂ ಇದೇ ಕೆಲಸ. ಕೈಗೆ ಗ್ಲೌಸ್ ಇರಲಿ, ಕಿಟಕಿ ಬಾಗಿಲು ತೆಗೆದಿರಲಿ.

ಪಾಲಿಸಲ್ಫೈಡ್ ಸೀಲೆಂಟ್ ಎರಡು ಭಾಗದಲ್ಲಿ ಬರುತ್ತೆ, ಸಾಮಾನ್ಯವಾಗಿ ತೂಕದಲ್ಲಿ ಮೂಲ ಅಂಟು 10ಕ್ಕೆ ಗಟ್ಟಿ ಮಾಡೋದು 1, ಆದ್ರೂ ಡಬ್ಬಿ ಮೇಲೆ ಏನಿದೆಯೋ ಅದೇ ಸರಿ. ಕಣ್ಣಳತೆ ಬೇಡ, ಗ್ರಾಂ ತೋರಿಸೋ ತಕ್ಕಡಿ ಇಟ್ಕೊಳ್ಳಿ, ಬಣ್ಣದ ಗೆರೆ ಒಂದೂ ಕಾಣದ ಹಾಗೆ ಕಲೆಸಿ. ಡಬ್ಬಿ ಮೇಲೆ ಬಿ-2 ಅಂತ ಇದ್ರೆ ಅದು ಗಟ್ಟಿ ಬಗೆಯದು, ಕೆಲಸಕ್ಕೆ ಸುಮಾರು 2 ಗಂಟೆ ಸಿಗುತ್ತೆ, ಸೆಕೆಯಲ್ಲಿ ಅಷ್ಟೂ ಸಿಗಲ್ಲ, ಹಾಗಾಗಿ ಒಂದೊಂದು ರಿಬ್ಬಿಗೆ ಬೇಕಾದಷ್ಟೇ ಕಲೆಸಿ.

ಈಗ ರಿಬ್ ಅಂಚಿಗೆ ತೆಳ್ಳಗೆ ಹಚ್ಚಿ ಕ್ಲೀಕೋ (ತೂತಿಗೆ ಹಾಕೋ ತಾತ್ಕಾಲಿಕ ಕ್ಲಿಪ್) ಹಾಕಿ ಬಿಗಿ ಮಾಡಿ, ಒದ್ದೆ ಇರುವಾಗಲೇ ಪ್ರತಿ ರಿವೆಟ್ಟಿಗೂ ಸ್ವಲ್ಪ ಸೀಲೆಂಟ್ ಮುಟ್ಟಿಸಿ ಹೊಡೀರಿ. ಅಂಚಿನ ಉದ್ದಕ್ಕೂ ಸೀಲೆಂಟ್ ಸಣ್ಣ ದಾರದ ಹಾಗೆ ಹಿಂಡಿಕೊಂಡು ಹೊರಗೆ ಬರಬೇಕು, ಎಲ್ಲಿ ದಾರ ತುಂಡಾಗಿದೆಯೋ ಅಲ್ಲಿ ಒಳಗೆ ಏನೂ ಇಲ್ಲ ಅಂತಲೇ ತಿಳ್ಕೊಳ್ಳಿ. ನೀವು ಹೇಳಿದ ಒಳಗಡೆ ಹಚ್ಚೋ ಕೆಲಸ ಇದಾದ ಮೇಲೆ, ಅಂಚಿಗೆ ಫಿಲೆಟ್ (ಮೂಲೆ ತುಂಬೋ ಸೀಲೆಂಟ್ ಗೆರೆ) ಎಳೆದು, ಒಳಗೆ ಚಾಚಿದ ಪ್ರತಿ ರಿವೆಟ್ ಬಾಲದ ಮೇಲೂ ಸೀಲೆಂಟಿನ ಒಂದು ಟೋಪಿ.

ನನ್ನ ಎಡಗಡೆ ಟ್ಯಾಂಕ್ ಸೋರಿದ್ದು ಕೊನೇ ರಿಬ್ಬೂ ಹಿಂದಿನ ಬ್ಯಾಫಲ್ಲೂ (ಟ್ಯಾಂಕಿನ ಹಿಂಬದಿ ಮುಚ್ಚೋ ತಗಡು) ಸೇರೋ ಮೂಲೇಲಿ. ಬ್ಯಾಫಲ್ ಹಾಕಿದ ಮೇಲೆ ಆ ಮೂಲೆ ಕಾಣಲ್ಲ, ಕೈಯೂ ಹೋಗಲ್ಲ, ನಾನು ಅಲ್ಲಿ ಸೀಲೆಂಟ್ ಗುಡ್ಡೆ ಹಾಕೋದು ಬಿಟ್ಟು ಬೇರೆ ಕಡೆ ಹಚ್ಚಿದ ಹಾಗೇ ತೆಳ್ಳಗೆ ಹಚ್ಚಿದ್ದೆ. ಹೊರಗಿಂದ ಮೆತ್ತಿ ನೋಡಿದೆ, ನಿಲ್ಲಲಿಲ್ಲ, ಒಳಗಿನ ಒತ್ತಡ ಅದನ್ನ ತಳ್ಳುತ್ತಲೇ ಇರುತ್ತಲ್ಲ. ಕೊನೆಗೆ ಬ್ಯಾಫಲ್ಲಿಗೇ ತೂತು ಕೊರೆದು, ಒಳಗಿಂದ ಸರಿ ಮಾಡಿ, ಪ್ಲೇಟ್ ಮುಚ್ಚಬೇಕಾಯ್ತು.

ಪರೀಕ್ಷೆಗೆ ಕಂಪ್ರೆಸರ್ ಹಚ್ಚಲೇಬೇಡಿ. ಚದರ ಇಂಚಿಗೆ 1 ಪೌಂಡ್ ಒತ್ತಡ ಅಂದ್ರೂ 8 ಇಂಚು ಅಗಲ 50 ಇಂಚು ಉದ್ದದ ಬ್ಯಾಫಲ್ ಮೇಲೆ 400 ಪೌಂಡ್, ಹತ್ತಿರ ಹತ್ತಿರ 180 ಕಿಲೋ ಬೀಳುತ್ತೆ. ಪಾರದರ್ಶಕ ಪೈಪನ್ನ ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ವೆಂಟಿಗೆ (ಟ್ಯಾಂಕಿಗೆ ಗಾಳಿ ಹೋಗೋ ಪೈಪಿಗೆ) ಜೋಡಿಸಿ, ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ ಹಾಕಿ, ಎರಡು ಕಡೆ ನೀರಿನ ಎತ್ತರಕ್ಕೆ 70 ಸೆಂ.ಮೀ. ವ್ಯತ್ಯಾಸ ಬಂದ್ರೆ ಆ 1 ಪೌಂಡ್ ಆಯ್ತು, ಅಲ್ಲಿಂದ ಮುಂದಕ್ಕೆ ಬೇಡ. ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ರಾತ್ರಿ ಇಟ್ಟು ಬೆಳಗ್ಗೆ ನೀರು ಇಳಿದಿದ್ರೆ ಗಾಬರಿ ಬೇಡ, ಟ್ಯಾಂಕ್ ಒಂದು ಡಿಗ್ರಿ ತಣ್ಣಗಾದ್ರೇ ಸುಮಾರು 3-4 ಸೆಂ.ಮೀ. ಇಳಿಯುತ್ತೆ, ಅದೇ ಬಿಸಿ ಇರೋ ಹೊತ್ತಲ್ಲಿ ಇನ್ನೊಂದ್ಸಲ ನೋಡಿ.

ಬ್ಯಾಫಲ್ ಮುಚ್ಚೋಕೆ ಮುಂಚೆ ವೆಂಟ್ ಪೈಪ್, ಪಿಕಪ್, ಡ್ರೇನ್ ಎಲ್ಲಾ ಕೂತಿದೆಯಾ ನೋಡಿ, ಒಳಗಿನ ನಾಲ್ಕೂ ಮೂಲೆಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.