ಅಮ್ಮಾ, ತಿನ್ನೋಕೆ ಏನಾದ್ರೂ ಕೊಡು!

ಪತ್ರ ನಾಲ್ಕು ಪುಟ ಇದೆ. ಮಗನಿಗೆ 4 ವರ್ಷ, ಮಗಳಿಗೆ 2. ಇಬ್ಬರ ಬಾಯಲ್ಲೂ ದಿನವಿಡೀ ಒಂದೇ ರಾಗ, "ಅಮ್ಮಾ, ತಿನ್ನೋಕೆ ಏನಾದ್ರೂ ಕೊಡು." ಊಟಕ್ಕೆ ಕೂರಿಸಿದರೆ ನಾಲ್ಕು ತುತ್ತಿಗೇ ಸಾಕು. ತಟ್ಟೆ ತೊಳೆದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮಗ ಫ್ರಿಜ್ಜಿನ ಬಾಗಿಲು ತೆಗೆದುಕೊಂಡು ನಿಂತಿರುತ್ತಾನೆ. ಕೊಡದಿದ್ದರೆ ರಂಪ, ಕೊಟ್ಟರೆ ಮುಂದಿನ ಊಟ ಹಾಳು. "ನಾನು ಮಕ್ಕಳನ್ನು ಹೊಟ್ಟೆಬಾಕರನ್ನಾಗಿ ಬೆಳೆಸುತ್ತಿದ್ದೀನಾ?" ಅಂತ ಈ ತಾಯಿ ಕೇಳಿದ್ದಾರೆ.

ಇಲ್ಲ. ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ.

ಆದರೆ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. "ಶಿಶುವಿಹಾರದಲ್ಲಿ ಮಾತ್ರ ಮೂರು ಗಂಟೆ ಏನೂ ಕೇಳಲ್ಲವಂತೆ, ಅದಿರಲಿ." ಅದಿರಲಿ ಅಂದುಬಿಟ್ಟರೆ ಹೇಗಮ್ಮಾ? ನಿಮ್ಮ ಪತ್ರದಲ್ಲಿ ಇರೋದೇ ಅದೊಂದು. ಅದೇ ಹುಡುಗ, ಅದೇ ಹೊಟ್ಟೆ. ಅಲ್ಲಿ ಗಂಟೆ ಹೊಡೆದಾಗ ಡಬ್ಬಿ ತೆಗೆಯುತ್ತಾರೆ, ಎಲ್ಲರೂ ಕೂತು ತಿನ್ನುತ್ತಾರೆ, ಮುಚ್ಚಿಡುತ್ತಾರೆ. ಕೇಳಿದರೆ ಬೇಗ ಬರಲ್ಲ, ಕೇಳದಿದ್ದರೂ ಬಂದೇ ಬರುತ್ತೆ. ಮನೆಯಲ್ಲಿ ಹಾಗಲ್ಲ. ಒಂದನೇ ಸಲಕ್ಕೆ ಇಲ್ಲ, ಐದನೇ ಸಲಕ್ಕೆ ಉಂಟು. ನೀವು ಫೋನಿನಲ್ಲಿದ್ದರಂತೂ ಒಂದೇ ಸಲಕ್ಕೆ ಉಂಟು. ಯಾವಾಗ ಸಿಗುತ್ತೋ ಗೊತ್ತಿಲ್ಲದಿದ್ದರೆ ದೊಡ್ಡವರೂ ಕೇಳುತ್ತಲೇ ಇರುತ್ತಾರೆ, ಅಲ್ವಾ?

ನನ್ನ ಮಗಳೂ ಹೀಗೇ ಇದ್ದಳು. ಮೂರು ವರ್ಷದವಳು, ಗಂಟೆಗೊಂದು ಬಿಸ್ಕತ್ತು. ಒಂದು ದಿನ ಕಸ ಗುಡಿಸೋಕೆ ಸೋಫಾ ಸರಿಸಿದೆ. ಅಡಿಯಲ್ಲಿ ಹನ್ನೊಂದು ಬಿಸ್ಕತ್ತು, ಒಂದೊಂದಕ್ಕೂ ಒಂದೊಂದೇ ಹಲ್ಲಿನ ಗುರುತು, ಇರುವೆ ಸಾಲು ಬೇರೆ. ಹಸಿದ ಮಗು ಹೀಗೆ ಬಿಡುತ್ತಾ?

ಇನ್ನು ನಿಮ್ಮ ಅತ್ತೆ. ಒಂದೂವರೆ ಪುಟ ಅವರ ಮೇಲೆಯೇ ಇದೆ. ನಾನೂ ಅವರನ್ನು ನಾಲ್ಕು ಮಾತು ಅನ್ನಲಿ ಅಂತ ಕಾಯುತ್ತಿದ್ದೀರೇನೋ. ಸಂಜೆ ಅವರು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬಾಳೆಹಣ್ಣು ಸುಲಿದು ಅರ್ಧರ್ಧ ಕೊಡುತ್ತಾರೆ. ಮನೆಯಲ್ಲಿ ಸರಿಯಾಗಿ ನಡೆಯುತ್ತಿರುವುದು ಅದೊಂದೇ! ನನ್ನ ಸಿಟ್ಟೆಲ್ಲ ನಿಮ್ಮ ಯಜಮಾನರ ಮೇಲೆ. ಸಂಜೆ 7ಕ್ಕೆ, ಇನ್ನೇನು ಊಟ ಹಾಕಬೇಕು ಅನ್ನುವಾಗ, ಬ್ಯಾಗಿನಿಂದ ಚಿಪ್ಸ್ ಪ್ಯಾಕೆಟ್ ತೆಗೆಯುತ್ತಾರೆ. "ಪಾಪ, ಮಕ್ಕಳು ಕಾಯ್ತಿರ್ತಾರೆ" ಅಂತಾರಂತೆ. ಕಾಯದೆ ಏನು ಮಾಡುತ್ತವೆ? ಆಮೇಲೆ ತಟ್ಟೆ ಹಿಡಿದು ಮನೆ ತುಂಬಾ ಅವರ ಹಿಂದೆ ಓಡುವವರು ನೀವು. ಒಂದು ಪ್ಯಾಕೆಟ್ಟಿಗೆ ಅವರು ಒಳ್ಳೆಯ ಅಪ್ಪ ಆದರು, ಬೈಯುವ ಅಮ್ಮ ನೀವಾದಿರಿ.

ಊಟದ ನಡುವೆ ತಿನ್ನೋದೇ ತಪ್ಪು ಅಂತ ಮಾತ್ರ ತಿಳಿಯಬೇಡಿ. ಈ ವಯಸ್ಸಿನವರ ಹೊಟ್ಟೆ ಚಿಕ್ಕದು. ದಿನಕ್ಕೆ 3 ಊಟ, ನಡುವೆ 2 ಅಥವಾ 3 ಸಲ ಏನಾದರೂ ಬೇಕೇ ಬೇಕು. ಒಂದಕ್ಕೂ ಇನ್ನೊಂದಕ್ಕೂ 2ರಿಂದ 3 ಗಂಟೆ ಬಿಡುವಿರಬೇಕು, ಅಷ್ಟೆ. ನಾಲ್ಕು ತುತ್ತಿಗೆ ಎದ್ದರೆ ಗಾಬರಿಯೂ ಬೇಡ. ಹುಟ್ಟಿದ ಮೊದಲ ವರ್ಷ ಮಗುವಿನ ತೂಕ ಮೂರು ಪಟ್ಟಾಗುತ್ತೆ. ಈಗ ವರ್ಷಕ್ಕೆ ಸುಮಾರು 2 ಕೆಜಿ ಏರುತ್ತೆ, ಅಷ್ಟೆ. ಅಂದಮೇಲೆ ಹಸಿವೂ ಕಮ್ಮಿಯೇ. ಮಗಳಿಗೆ ದಿನಕ್ಕೆ ನಾಲ್ಕು ಬಾಟಲಿ ಹಾಲು ಅಂತ ಬರೆದಿದ್ದೀರಿ, ಅದು ಜಾಸ್ತಿಯಾಯಿತು. ಎರಡು ಲೋಟ ಸಾಕು. ಹಾಲಿನಲ್ಲೇ ಹೊಟ್ಟೆ ತುಂಬಿದರೆ ಊಟ ಸೇರಲ್ಲ, ರಕ್ತದಲ್ಲಿ ಕಬ್ಬಿಣದ ಅಂಶವೂ ಇಳಿಯುತ್ತೆ.

ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರತಜ್ಞೆ ಒಬ್ಬರು 1980ರ ದಶಕದಲ್ಲೇ ಈ ಜಗಳಕ್ಕೆ ಪಾಲು ಹಂಚಿಕೊಟ್ಟರು. ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು, ಇದು ದೊಡ್ಡವರ ಪಾಲು. ತಿನ್ನೋದೋ ಬೇಡವೋ, ತಿಂದರೆ ಎಷ್ಟು, ಇದು ಮಗುವಿನ ಪಾಲು. ನಿಮ್ಮ ಮನೆಯಲ್ಲಿ ಇದು ಅದಲುಬದಲಾಗಿದೆ. ಯಾವಾಗ ಅನ್ನೋದನ್ನು ಮಗ ಹೇಳುತ್ತಿದ್ದಾನೆ, ಎಷ್ಟು ಅನ್ನೋದನ್ನು ನೀವು ಚಮಚ ಹಿಡಿದು ಹೇಳುತ್ತಿದ್ದೀರಿ.

ಈ ಅಂಕಣ ಓದುವವರಿಗೆ ನನ್ನ ಗೋಡೆ ಗಡಿಯಾರದ ಹುಚ್ಚು ಗೊತ್ತೇ ಇದೆ. ಹೋಮ್‌ವರ್ಕ್ ಜಗಳಕ್ಕೂ ಅದನ್ನೇ ಹೇಳಿದ್ದೆ, ಗಂಡ ಹೆಂಡಿರ ಮೊಬೈಲ್ ಜಗಳಕ್ಕೂ ಅದನ್ನೇ. ನಗುವವರು ನಗಲಿ. ಮುಳ್ಳಿರುವ ಒಂದು ಗಡಿಯಾರ ತನ್ನಿ, ಮಕ್ಕಳ ಕಣ್ಣಿಗೆ ಕಾಣುವಷ್ಟು ಕೆಳಗೆ ನೇತುಹಾಕಿ. 4ರ ಅಂಕಿಯ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿ. ಅಂಟಿಸೋದು ನಿಮ್ಮ ಯಜಮಾನರ ಕೆಲಸ, ಮಗನನ್ನು ಎತ್ತಿಕೊಂಡು. ಚಿಕ್ಕ ಮುಳ್ಳು ಸ್ಟಿಕ್ಕರಿಗೆ ಬಂದಾಗ ಎಲ್ಲರೂ ಕೂತು ತಿನ್ನೋದು, ಆಮೇಲೆ ಡಬ್ಬಿ ಮುಚ್ಚೋದು. ನಡುವೆ ಕೇಳಿದರೆ "ಇಲ್ಲ" ಅನ್ನಬೇಡಿ, "ಮುಳ್ಳು ಎಲ್ಲಿದೆ ನೋಡು" ಅನ್ನಿ. ನೀರಿಗೆ ಮಾತ್ರ ಹೊತ್ತುಗೊತ್ತಿಲ್ಲ. ಊಟದಲ್ಲಿ ನಾಲ್ಕು ತುತ್ತಿಗೆ ಎದ್ದರೆ ಸುಮ್ನೆ ತಟ್ಟೆ ಎತ್ತಿಡಿ. ರಾತ್ರಿ ಊಟ 7ಕ್ಕೇ ಆಗಲಿ, ಅಪ್ಪನೇ ಬಡಿಸಲಿ. ಪ್ಯಾಕೆಟ್ ತಂದಿದ್ದರೆ ಅದು ಮರುದಿನ 4ರವರೆಗೆ ಡಬ್ಬಿಯಲ್ಲಿರಲಿ. ಹಲ್ಲಿಗೂ ಇದೇ ಒಳ್ಳೆಯದು. ಸಿಹಿ ತಿಂದಾಗಲೆಲ್ಲ ಬಾಯಲ್ಲಿ ಸುಮಾರು ಅರ್ಧ ಗಂಟೆ ಹುಳಿ ಏರಿರುತ್ತೆ. ಐದು ಬಿಸ್ಕತ್ತು ಒಟ್ಟಿಗೆ ತಿಂದರೆ ಅದು ಒಂದು ಸಲ, ಬಿಡಿಬಿಡಿಯಾಗಿ ತಿಂದರೆ ಐದು ಸಲ.

ಮೊದಲ ನಾಲ್ಕು ದಿನ ಸೂರು ಹಾರಿಹೋಗುವಂತೆ ಅಳುತ್ತಾರೆ. ಅಳಲಿ ಬಿಡಿ. ಆದರೆ ಹಸಿವಿನ ಜೊತೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯೋದು ಕಂಡರೆ ಗಡಿಯಾರ ನೋಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಗಡಿಯಾರಕ್ಕೆ ಹೊಸ ಸೆಲ್ ಹಾಕೋದು ಮರೆಯಬೇಡಿ. ನಮ್ಮ ಮನೆಯಲ್ಲಿ ಮೂರನೇ ದಿನವೇ ಅದು 3:40ಕ್ಕೆ ನಿಂತುಬಿಟ್ಟಿತ್ತು. ಮಗಳು ಅದರ ಕೆಳಗೆ, ಬಟ್ಟಲು ತೊಡೆಯ ಮೇಲಿಟ್ಟುಕೊಂಡು, ಒಂದು ಗಂಟೆ ಹೊತ್ತು ತುಟಿ ಪಿಟಕ್ಕೆನ್ನದೆ ಕೂತಿದ್ದಳು.