ಮೂರನೇ ಹಾಡಿಗೇ ಎದ್ದು ಬಂದವರು

ಆಪ್ತಸಲಹೆಗೆಂದು ನನ್ನ ಬಳಿ ಬಂದ ಇವರಿಗೆ 26 ವರ್ಷ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದೆ. ತಾಯಿ ತೀರಿಕೊಂಡ ಮೇಲೆ ಒಂದೂವರೆ ವರ್ಷ ಇವರಿಗೆ ಆಸರೆಯಾದದ್ದು ಒಬ್ಬ ಪಾಪ್ ಗಾಯಕಿಯ ಹಾಡುಗಳು: ಮೆಲುದನಿ, ಒಂದು ಗಿಟಾರ್, ತನ್ನೊಳಗೇ ಮಾತಾಡಿಕೊಂಡಂಥ ಸಾಲುಗಳು. ಆಕೆಯ ಕಾರ್ಯಕ್ರಮಕ್ಕೆಂದು ವಾರಾಂತ್ಯದಲ್ಲಿ ಬೇರೆ ನಗರಕ್ಕೆ ಹೋದರು. ಮೂರನೇ ಹಾಡಿಗೆ ಉಸಿರು ಕಟ್ಟಿತು, ಬೆರಳು ಜುಮ್ಮೆಂದವು, ಕಣ್ಣು ಕತ್ತಲಿಟ್ಟಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನು ಗೋಡೆಯಾಚೆಯಿಂದ ಕೇಳಿದರು. ಇನ್ನೊಂದು ಕಾರ್ಯಕ್ರಮದ ಟಿಕೆಟ್ ಕೈಯಲ್ಲಿದೆ, ಐದು ವಾರ ಬಾಕಿ. "ಆ ಹಾಡು ತಡ್ಕೊಳ್ಳೋ ಶಕ್ತಿ ನನಗಿಲ್ವೇನೋ, ಹೋಗ್ಲಾ ಬೇಡ್ವಾ?" ಎನ್ನುತ್ತಾ ಬಂದರು.

ಆ ಶನಿವಾರವನ್ನು ಗಂಟೆ ಗಂಟೆಯಾಗಿ ಹಾಳೆಯ ಮೇಲೆ ಬರೆಸಿದೆ. ರಾತ್ರಿಯಿಡೀ ಬಸ್ಸು, ನಿದ್ದೆ ಎರಡು ಗಂಟೆ. ಬೆಳಗ್ಗೆಯಿಂದ ಊರು ಸುತ್ತಾಟ. ಮುಂದಿನ ಜಾಗ ಕೈತಪ್ಪಬಾರದೆಂದು ನಾಲ್ಕು ಗಂಟೆ ನಿಂತದ್ದು. ಶೌಚಾಲಯಕ್ಕೆ ಹೋದರೆ ಜಾಗ ಹೋದೀತೆಂದು ಮಧ್ಯಾಹ್ನದಿಂದ ನೀರನ್ನೇ ಮುಟ್ಟದಿದ್ದದ್ದು. ಮಂಡಿ ಬಿಗಿದು ಹೊತ್ತುಗಟ್ಟಲೆ ನಿಂತರೆ ರಕ್ತ ಕಾಲಲ್ಲೇ ತಂಗುತ್ತದೆ, ತಲೆಗೆ ಏರುವುದು ಕಡಿಮೆಯಾಗಿ ಕಣ್ಣು ಕತ್ತಲಿಡುತ್ತದೆ. ಅಳು ನುಂಗುತ್ತಾ ಬೇಗ ಬೇಗ ಉಸಿರೆಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು, ತುಟಿ ಜುಮ್ಮೆನ್ನುತ್ತವೆ. "ಇದರಲ್ಲಿ ಹಾಡಿನ ಪಾಲೆಷ್ಟು?" ಎಂದು ಕೇಳಿದೆ. ಬಹಳ ಹೊತ್ತು ಹಾಳೆಯನ್ನೇ ನೋಡಿದರು. ಆದರೂ ಕಣ್ಣು ಕತ್ತಲಿಟ್ಟಿದೆಯೆಂದರೆ ಬರೀ ಮನಸ್ಸಿನದೆಂದು ಬಿಡಬಾರದು. ಮೊದಲು ವೈದ್ಯರಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿಸಿಕೊಂಡು ಬರಲು ಹೇಳಿದೆ. ಎರಡೂ ಸರಿಯಾಗಿದ್ದವು.

ನಿಜವಾದ ನೋವು ಹೊರಬಿದ್ದದ್ದು ಎರಡನೇ ಭೇಟಿಯಲ್ಲಿ. "ನನ್ನ ಹಾಡನ್ನ ಅಷ್ಟೂ ಜನ ಸೇರಿ ಹಾಡ್ಬಿಟ್ರು," ಎಂದು ಹೇಳಿ ಅತ್ತರು. ಇಯರ್‌ಫೋನಿನಲ್ಲಿ ಆ ದನಿ ಇವರೊಬ್ಬರ ಕಿವಿಗೇ ಹೇಳಿದಂತಿತ್ತು. ನಮ್ಮನ್ನು ಅರಿಯದ ಕಲಾವಿದರ ಜೊತೆ ಹೀಗೆ ಒಮ್ಮುಖವಾಗಿ ಬೆಳೆಯುವ ನಂಟನ್ನು ಸಮಾಜವಿಜ್ಞಾನಿಗಳಾದ ಹಾರ್ಟನ್ ಮತ್ತು ವೋಲ್ 1956ರಲ್ಲೇ ವಿವರಿಸಿದ್ದಾರೆ. ಅದು ಕಾಯಿಲೆಯಲ್ಲ. ಆದರೆ ತಾಯಿಯನ್ನು ಕಳೆದುಕೊಂಡ ದುಃಖವನ್ನು ಇವರು ಮನೆಯಲ್ಲಿ ಯಾರೊಂದಿಗೂ ಹಂಚಿಕೊಂಡಿರಲಿಲ್ಲ, ಪೂರ್ತಿ ಆ ಒಂದು ಹಾಡಿನಲ್ಲೇ ಇಟ್ಟಿದ್ದರು. ಸಭಾಂಗಣವೆಲ್ಲ ದನಿಗೂಡಿಸಿದಾಗ ಬಚ್ಚಿಟ್ಟದ್ದನ್ನು ಯಾರೋ ಬೀದಿಗೆ ತಂದಂತಾಯಿತು. ಹಾಗನ್ನಿಸಿದ್ದು ಸಹಜವೇ.

ಹೋಗಿ ಎಂದೇ ಹೇಳಿದೆ, ತಯಾರಿಯೊಂದಿಗೆ. ಮೊದಲ ವಾರ ಆ ಹಾಡನ್ನು ಹಗಲಲ್ಲಿ, ಸ್ಪೀಕರಿನಲ್ಲಿ, ಸಣ್ಣ ದನಿಯಲ್ಲಿ ದಿನಕ್ಕೊಮ್ಮೆ ಕೇಳುವುದು. ಸಂಕಟಕ್ಕೆ 0ಯಿಂದ 10ರೊಳಗೆ ಅಂಕ ಕೊಡುವುದು. ಅಂಕ ಏರಿದರೂ ಹಾಡು ಮುಗಿಯುವ ತನಕ ಏಳಬಾರದು. ನಡುವೆ ನಿಲ್ಲಿಸಿದರೆ ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿಯುತ್ತದೆ, ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನೇ ವಾರದಿಂದ ಜನರೂ ಜೊತೆಗೆ ಹಾಡುವ ನೇರ ಪ್ರದರ್ಶನದ ಧ್ವನಿಮುದ್ರಣ. ನಾಲ್ಕನೇ ವಾರ ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು, ಅದು ಯಾಕೆ ಮುಖ್ಯವೆಂದು ಅವರಿಗೆ ಹೇಳುವುದು. ಇವರು ಚಿಕ್ಕಮ್ಮನನ್ನು ಆರಿಸಿಕೊಂಡರು. ಉಳಿದೆಲ್ಲಕ್ಕಿಂತ ಕಷ್ಟವಾದದ್ದು ಇದೇ, ಕೆಲಸ ಮಾಡಿದ್ದೂ ಇದೇ.

ಪ್ರಯಾಣಕ್ಕೆ ಹೇಳಿದ್ದು: ಹಿಂದಿನ ಸಂಜೆಯೇ ತಲುಪಿ ಮಲಗಿ, ಮಧ್ಯಾಹ್ನ ಎಲ್ಲೂ ಸುತ್ತಬೇಡಿ, ಬಾಗಿಲಿಗೆ ಹತ್ತಿರದ, ಸಾಲಿನ ಅಂಚಿನ ಕುರ್ಚಿ ಹಿಡಿಯಿರಿ. ನಿಂತಾಗ ಮಂಡಿ ಸಡಿಲ ಬಿಟ್ಟು ಆಗಾಗ ಹಿಮ್ಮಡಿ ಎತ್ತಿಳಿಸಿ. ಉಸಿರು ಬಿಗಿದರೆ ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಕಿವಿಗೆ ಇಯರ್‌ಪ್ಲಗ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಸ್ಥಳಗಳಿಗೆ ಸೂಚಿಸಿದ ಮಿತಿ ಸರಾಸರಿ 100 ಡೆಸಿಬಲ್, ಮೆಲುದನಿಯ ಗಾಯಕಿಯೆಂದರೂ ಧ್ವನಿವರ್ಧಕ ಮೆಲುವಾಗಿರುವುದಿಲ್ಲ. ಅಳು ಬಂದರೆ ತಡೆಯಬೇಡಿ. ಭಾನುವಾರ ಖಾಲಿ ಬಿಡಿ. ಆ ಹಾಡನ್ನು ಆಕೆ ಹಾಡದೆಯೂ ಇರಬಹುದು, ಅದಕ್ಕೂ ಸಿದ್ಧರಾಗಿ.

ಹಾಡಲೇ ಇಲ್ಲ. ಇವರು ಕೊನೆಯವರೆಗೂ ಕೂತಿದ್ದರು. ಭಾನುವಾರ ವಾಪಸು ಬಂದು ಚಿಕ್ಕಮ್ಮನ ಮನೆಯಲ್ಲಿ ಇಬ್ಬರೂ ಅದನ್ನು ಹಾಕಿ ಕೇಳಿದರಂತೆ. ಇನ್ನೆರಡು ಭೇಟಿ ಬಾಕಿ ಇವೆ. ಮಾತು ಈಗ ತಾಯಿಯ ಬಗ್ಗೆ ನಡೆಯುತ್ತಿದೆ.