‘ಪೆಪ್ಪರ್’ ಎಂದು ಹುಡುಕಿದರೆ ದೊಣ್ಣೆಮೆಣಸೇ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಪೊನ್ನಂಪೇಟೆಯಲ್ಲಿ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿನಿ. ಕೊಡಗಿನ ಕಾಫಿ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಗೆ ಬರುವ ಶೀಘ್ರ ಸೊರಗು ರೋಗದ ಬಗ್ಗೆ ಈವರೆಗೆ ಆಗಿರುವ ಸಂಶೋಧನೆಯನ್ನು ಕಲೆಹಾಕಬೇಕಿದೆ. ಗೂಗಲ್ ಸ್ಕಾಲರ್‌ನಲ್ಲಿ ‘ಪೆಪ್ಪರ್ ವಿಲ್ಟ್ ಕೊಡಗು’ ಎಂದು ಹಾಕಿದರೆ ಬೇಡದ್ದೇ ಜಾಸ್ತಿ. ಗೈಡ್ ‘ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ ನೋಡಮ್ಮಾ’ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ, ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ ಕೃಷಿ ಸಂಶೋಧನಾ ಪ್ರಬಂಧಗಳ ಸಾರಾಂಶ ಸಿಗುವ ಡೇಟಾಬೇಸ್. ಆದರೆ ಡೇಟಾಬೇಸ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಂಡು ಪದಗಳನ್ನು ಬರೆದುಕೊಳ್ಳಿ, ಏಕೆಂದರೆ ತೊಡಕಿರುವುದು ಪದಗಳಲ್ಲೇ. ನಮಗೆ ಕಾಳುಮೆಣಸು ಬೇರೆ, ದೊಣ್ಣೆಮೆಣಸು ಬೇರೆ. ಇಂಗ್ಲಿಷಿನಲ್ಲಿ ಎರಡೂ ಪೆಪ್ಪರ್. ಸಾಲದ್ದಕ್ಕೆ ಈ ರೋಗ ತರುವ ಫೈಟಾಫ್ತೊರಾ ಕ್ಯಾಪ್ಸಿಸಿ ಎಂಬ ರೋಗಾಣು ಮೆಣಸಿನಕಾಯಿ ಗಿಡಕ್ಕೂ ದೊಣ್ಣೆಮೆಣಸಿಗೂ ತಗಲುತ್ತದೆ. ಹಾಗಾಗಿ ರೋಗಾಣುವಿನ ಹೆಸರು ಹಾಕಿದರೂ ಕಸ ಕಡಿಮೆಯಾಗುವುದಿಲ್ಲ.

ಹಾಳೆಯಲ್ಲಿ ಎರಡು ಗುಂಪು ಮಾಡಿ. ಬೆಳೆಯ ಗುಂಪಿಗೆ ‘ಬ್ಲ್ಯಾಕ್ ಪೆಪ್ಪರ್’, ‘ಪೈಪರ್ ನೈಗ್ರಮ್’ (ಕಾಳುಮೆಣಸಿನ ವೈಜ್ಞಾನಿಕ ಹೆಸರು). ರೋಗದ ಗುಂಪಿಗೆ ‘ಫುಟ್ ರಾಟ್’, ‘ಕ್ವಿಕ್ ವಿಲ್ಟ್’, ಫೈಟಾಫ್ತೊರಾ. ಈ ಕೊನೆಯದನ್ನು ಕುಲದ ಹೆಸರಿಗೇ ನಿಲ್ಲಿಸಿ, ಮುಂದಿನ ‘ಕ್ಯಾಪ್ಸಿಸಿ’ ಬೇಡ. ಹಳೆಯ ಪ್ರಬಂಧಗಳಲ್ಲಿ ಇದೇ ರೋಗಾಣು ಫೈಟಾಫ್ತೊರಾ ಪಾಮಿವೊರಾ ಎಂಬ ಹೆಸರಿನಲ್ಲಿದೆ. ಕ್ಯಾಪ್ಸಿಸಿ ಎಂಬ ಹೆಸರು ನೆಲೆಯಾದದ್ದು 1980ರ ದಶಕದಲ್ಲಿ. ಹೊಸ ಹೆಸರು ಮಾತ್ರ ಹಾಕಿದವರಿಗೆ ಅದಕ್ಕೂ ಮೊದಲಿನ ಕೆಲಸ ಕೈತಪ್ಪುತ್ತದೆ.

ಒಂದೇ ಗುಂಪಿನ ಪದಗಳ ನಡುವೆ ‘ಆರ್’ (ಯಾವುದಾದರೂ ಒಂದಿದ್ದರೆ ಸಾಕು), ಎರಡು ಗುಂಪುಗಳ ನಡುವೆ ‘ಆಂಡ್’ (ಎರಡೂ ಇರಲೇಬೇಕು). ಎಲ್ಲವನ್ನೂ ಇಂಗ್ಲಿಷಿನಲ್ಲೇ, ಈ ಎರಡನ್ನು ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ಪ್ರತಿ ಗುಂಪಿಗೂ ಆವರಣ ಚಿಹ್ನೆ, ಜೋಡಿ ಪದಗಳಿಗೆ ಉದ್ಧರಣ ಚಿಹ್ನೆ ಬೇಕೇ ಬೇಕು. ‘ನಾಟ್’ ಹಾಕಿ ಕ್ಯಾಪ್ಸಿಕಮ್ ತೆಗೆದುಬಿಡೋಣ ಅನ್ನಿಸುತ್ತದೆ, ದಯವಿಟ್ಟು ಬೇಡ. ಎರಡೂ ಬೆಳೆಗಳ ರೋಗಾಣುವನ್ನು ಹೋಲಿಸಿದ ಪ್ರಬಂಧಗಳು ಅದರ ಜೊತೆಗೇ ಹೋಗುತ್ತವೆ. ‘ಕ್ಯಾಪ್ಸಿ’ಯ ಕೊನೆಗೆ ನಕ್ಷತ್ರ ಚಿಹ್ನೆ (ಆಮೇಲೆ ಯಾವ ಅಕ್ಷರ ಬಂದರೂ ಸರಿ ಎಂಬ ಗುರುತು) ಇಟ್ಟು ‘ನಾಟ್’ ಹಾಕಿದಿರೋ, ರೋಗಾಣುವಿನ ಪೂರ್ತಿ ಹೆಸರಿರುವ ಪ್ರಬಂಧಗಳೆಲ್ಲ ಮಾಯ.

‘ಕೊಡಗು’ ಪದವನ್ನು ಮೊದಲ ಸುತ್ತಿನಲ್ಲಿ ಸೇರಿಸಬೇಡಿ. ಇಂಥ ಡೇಟಾಬೇಸ್‌ಗಳು ಹುಡುಕುವುದು ಮುಖ್ಯವಾಗಿ ಶೀರ್ಷಿಕೆ, ಸಾರಾಂಶ, ವಿಷಯಪದಗಳಲ್ಲಿ; ಇಡೀ ಪ್ರಬಂಧದಲ್ಲಲ್ಲ. ಬೇರಿನ ಮಾದರಿ ಮಡಿಕೇರಿಯ ತೋಟದ್ದೇ ಆದರೂ ಸಾರಾಂಶದಲ್ಲಿ ‘ಕರ್ನಾಟಕ’ ಎಂದಷ್ಟೇ ಇರಬಹುದು. ಊರಿಲ್ಲದೆ ಹುಡುಕಿ, ಎಷ್ಟು ಬಂತು ನೋಡಿ. ಓದಿ ಮುಗಿಸಲಾಗದಷ್ಟಿದ್ದರೆ ಮಾತ್ರ ಕೊಡಗು, ಕೂರ್ಗ್, ಕರ್ನಾಟಕ, ‘ವೆಸ್ಟರ್ನ್ ಘಾಟ್ಸ್’ ಇಷ್ಟನ್ನೂ ‘ಆರ್’ ಹಾಕಿ ಮೂರನೇ ಗುಂಪು ಮಾಡಿ. ಕೂರ್ಗ್ ಬಿಡಲೇಬೇಡಿ, ಹಳಬರು ಬರೆದದ್ದು ಹಾಗೆಯೇ.

ಇನ್ನು ಪರೀಕ್ಷೆ. ಈ ವಿಷಯದಲ್ಲಿ ಮುಖ್ಯವೆಂದು ನಿಮಗೆ ಈಗಾಗಲೇ ಗೊತ್ತಿರುವ ಐದಾರು ಪ್ರಬಂಧಗಳು ನಿಮ್ಮ ಹುಡುಕಾಟದಲ್ಲಿ ಬಂದವೇ? ಒಂದು ಬರಲಿಲ್ಲವೆಂದರೆ ಅದನ್ನು ಶೀರ್ಷಿಕೆಯಿಂದ ಹುಡುಕಿ ತೆಗೆದು, ಅದಕ್ಕೆ ಡೇಟಾಬೇಸಿನವರು ಕೊಟ್ಟ ವಿಷಯಪದಗಳನ್ನು ನೋಡಿ. ನಿಮ್ಮ ಹಾಳೆಯಲ್ಲಿ ಇಲ್ಲದ ಪದ ಅಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಎರಡು ಮೂರು ಸುತ್ತಿನಲ್ಲಿ ಪಟ್ಟಿ ಹದಕ್ಕೆ ಬರುತ್ತದೆ. ಈ ಹಂತವನ್ನು ಹಾರಿಸುವವರೇ ಹೆಚ್ಚು, ತಪ್ಪಾಗುವುದೂ ಇಲ್ಲೇ.

ಕ್ಯಾಬ್ ಅಬ್‌ಸ್ಟ್ರಾಕ್ಟ್ಸ್ 1973ರಿಂದೀಚಿನದು. ಅದಕ್ಕೂ ಹಿಂದಿನದು, 1910ರಿಂದ, ಅದರದೇ ಪ್ರತ್ಯೇಕ ಆರ್ಕೈವಿನಲ್ಲಿದೆ. ಎರಡಕ್ಕೂ ಚಂದಾ ಬೇಕು, ಲೈಬ್ರರಿಯಲ್ಲಿ ವಿಚಾರಿಸಿ. ಇಲ್ಲವಾದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಅಗ್ರಿಸ್ ಉಚಿತ. ಕೃಷಿ ವಿಶ್ವವಿದ್ಯಾಲಯಗಳ ಪ್ರೌಢಪ್ರಬಂಧಗಳಿಗೆ ಕೃಷಿಕೋಶ, ಉಳಿದ ಪಿಎಚ್‌ಡಿಗಳಿಗೆ ಶೋಧಗಂಗಾ. ಗೂಗಲ್ ಸ್ಕಾಲರನ್ನು ಕೊನೆಗೆ ಇಟ್ಟುಕೊಳ್ಳಿ: ಅದು 1000ಕ್ಕಿಂತ ಹೆಚ್ಚು ಫಲಿತಾಂಶ ತೋರಿಸುವುದಿಲ್ಲ, ನಕ್ಷತ್ರ ಚಿಹ್ನೆಯಿಂದ ಪದ ಮೊಟಕುಗೊಳಿಸಲೂ ಬಿಡದು. ಒಂದು ಪ್ರಬಂಧವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ನೋಡಲು ಮಾತ್ರ ಬಹಳ ಒಳ್ಳೆಯದು.

ಪ್ರತಿ ಹುಡುಕಾಟದ ದಿನಾಂಕ, ಡೇಟಾಬೇಸ್, ಹಾಕಿದ ಪೂರ್ತಿ ಸಾಲು, ಬಂದ ಸಂಖ್ಯೆ, ಈ ನಾಲ್ಕನ್ನೂ ಆಗಲೇ ಬರೆದಿಡಿ. ಫಲಿತಾಂಶಗಳನ್ನು ಆರ್‌ಐಎಸ್ (ಉಲ್ಲೇಖಗಳ ವಿವರ ಸಾಗಿಸುವ ಮಾದರಿ) ಕಡತವಾಗಿ ಇಳಿಸಿ, ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶ ಝೊಟೆರೊಗೆ ಹಾಕಿ. ಒಂದೇ ಪ್ರಬಂಧ ಎರಡು ಮೂರು ಕಡೆಯಿಂದ ಬಂದಿರುತ್ತದೆ. ಅವನ್ನು ಒಂದುಗೂಡಿಸಿದ ಮೇಲೆಯೇ ಎಣಿಸಿ. ನಿಮ್ಮ ಕೊಡಗಿನ ಅಪ್ಪಂಗಳದಲ್ಲಿ ಪ್ರಾದೇಶಿಕ ಕೇಂದ್ರವಿರುವ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಾರ್ಷಿಕ ವರದಿಗಳನ್ನಂತೂ ಕೈಯಾರೆ ತಿರುವಿಹಾಕಿ. ಪ್ರಬಂಧವಾಗದೆ ವರದಿಯಲ್ಲೇ ಉಳಿದ ಪ್ರಯೋಗ ಯಾವ ಡೇಟಾಬೇಸಿನಲ್ಲೂ ಸಿಗಲಿಕ್ಕಿಲ್ಲ.